ಮದ್ದನ್ನೇ ಪರೀಕ್ಷೆಗೆ ಕೂರಿಸಿದ ಡಾಕ್ಟರು: ಆರ್ಚಿ ಕಾಕ್ರನ್

ವೈದ್ಯರಲ್ಲಿ ನಾರಾಯಣನನ್ನು ಕಾಣುವ ಸಂಪ್ರದಾಯದಲ್ಲಿ ಬೆಳೆದವರು ನಾವು. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಬೇಕು, ಹೋದ ಮೇಲೆ ಒಂದು ಇಂಜೆಕ್ಷನ್ನಾದರೂ ಹಾಕಿಸಿಕೊಂಡು ಬರಬೇಕು, ಸುಸ್ತು ಎಂದರೆ ಒಂದು ಬಾಟಲಿ ಗ್ಲೂಕೋಸ್ ಏರಿಸಿಕೊಳ್ಳಬೇಕು. ನಾಲ್ಕು ದಿನ ಮಲಗಿದರೆ ತಾನೇ ವಾಸಿಯಾಗುತ್ತದೆಂದು ಹೇಳಿ ಬರಿಗೈಯಲ್ಲಿ ಕಳಿಸುವ ಡಾಕ್ಟರಿಗೆ ಕೈಗುಣವಿಲ್ಲವೆಂದೇ ಲೆಕ್ಕ. ಸಮುದ್ರ ದಾಟಿ ಬರುವಾಗ ಉಪ್ಪಿನಕಾಯಿ ಜಾಡಿಯ ಜೊತೆಗೆ ಈ ನಂಬಿಕೆಯನ್ನೂ ನಾವು ಕಟ್ಟಿಕೊಂಡೇ ಬಂದಿದ್ದೇವೆ. ವೈದ್ಯವೃತ್ತಿಯಲ್ಲಿರುವ ನಮಗೆ ಇದು ದಿನನಿತ್ಯದ ಅನುಭವ. ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಕುಳಿತಾಗಲೂ ಪಕ್ಕದವರು ಕೇಳುವುದು, ಇದಕ್ಕೆ ಯಾವ ಮಾತ್ರೆ ಒಳ್ಳೆಯದು ಎಂಬ ಪ್ರಶ್ನೆಯನ್ನೇ. ಮಾತ್ರೆಯೇ ಬೇಕೇ ಎಂದು ಕೇಳುವವರು ಅಪರೂಪ.

ಆ ಅಪರೂಪದ ಪ್ರಶ್ನೆಯನ್ನು ಜೀವಮಾನವಿಡೀ ಕೇಳುತ್ತಾ ಹೋದವರು ಸ್ಕಾಟ್ಲೆಂಡಿನ ಡಾಕ್ಟರ್ ಆರ್ಚಿಬಾಲ್ಡ್ ಕಾಕ್ರನ್. ನಾವು ಮಾಡುವ ಚಿಕಿತ್ಸೆಗಳಲ್ಲಿ ನಿಜವಾಗಿ ಗುಣ ಕೊಡುವುವು ಯಾವುವು, ಕೊಟ್ಟರೂ ಬಿಟ್ಟರೂ ಹೆಚ್ಚು ವ್ಯತ್ಯಾಸವಾಗದವು ಯಾವುವು ಎಂಬುದನ್ನು ಅಂದಾಜಿನಿಂದಲ್ಲದೆ ಲೆಕ್ಕದಿಂದ ತಿಳಿಯಬೇಕೆಂದು ಹಟ ಹಿಡಿದವರು ಅವರು. ಸಂಘದ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ನಮ್ಮ ನಾಡಿನ ಹಿರಿಯರನ್ನು ಬಿಟ್ಟು ಪರದೇಶದ ಡಾಕ್ಟರೊಬ್ಬರ ಕಥೆ ಏಕೆಂದು ಓದುಗರು ಕೇಳಬಹುದು. ಅವರ ಹೆಸರು ವೈದ್ಯರಿಗೆಲ್ಲ ಪರಿಚಿತ, ರೋಗಿಗಳಿಗೆ ಅಪರಿಚಿತ. ಆದರೆ ಅವರ ಬಾಳಿನಿಂದ ಪ್ರಯೋಜನವಾಗಬೇಕಾದದ್ದು ರೋಗಿಗಳಿಗೆ, ಅದರಲ್ಲೂ ತಂದೆತಾಯಿಯರನ್ನು ಊರಿನಲ್ಲಿ ಬಿಟ್ಟು ಬಂದಿರುವ ನಮ್ಮಂಥವರಿಗೆ. ಆದ್ದರಿಂದ ಈ ಲೇಖನ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಆರ್ಚಿ ಹುಟ್ಟಿದ್ದು 1909ರ ಜನವರಿ 12ರಂದು, ಸ್ಕಾಟ್ಲೆಂಡಿನ ಗ್ಯಾಲಶೀಲ್ಸ್ ಎಂಬ ಊರಿನಲ್ಲಿ. ಮನೆತನದವರು ಉಣ್ಣೆ ಬಟ್ಟೆಯ ಗಿರಣಿಗಳಿಂದ ಶ್ರೀಮಂತರಾದವರು. ಹುಡುಗನಿಗೆ ಎಂಟು ವರ್ಷವಾಗಿದ್ದಾಗ, 1917ರಲ್ಲಿ, ತಂದೆ ಮೊದಲನೆಯ ಮಹಾಯುದ್ಧದಲ್ಲಿ ಗಾಜಾದ ಬಳಿ ಮಡಿದರು. ಆರ್ಚಿ ವಿದ್ಯಾರ್ಥಿವೇತನ ಪಡೆದು ಅಪಿಂಗ್‌ಹ್ಯಾಮ್ ಶಾಲೆಯಲ್ಲಿಯೂ ಅನಂತರ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿಯೂ ಓದಿ, 1930ರಲ್ಲಿ ವಿಜ್ಞಾನದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು.

ತಾರುಣ್ಯದಲ್ಲಿಯೇ ಅವರಿಗೆ ಒಂದು ದೈಹಿಕ ತೊಂದರೆ ಕಾಣಿಸಿಕೊಂಡಿತು. ಲಂಡನ್ನಿನ ದೊಡ್ಡ ಡಾಕ್ಟರುಗಳು ಇದು ಮನಸ್ಸಿನ ಕಾಯಿಲೆ ಎಂದು ಕೈತೊಳೆದುಕೊಂಡರು. ಆರ್ಚಿ ಯೂರೋಪಿಗೆ ಹೋಗಿ, ಫ್ರಾಯ್ಡರ ಶಿಷ್ಯ ಥಿಯೋಡರ್ ರೈಕ್ ಅವರಲ್ಲಿ ಮನೋವಿಶ್ಲೇಷಣೆಯ ಚಿಕಿತ್ಸೆಗೆ ಸೇರಿದರು. ರೈಕ್ ಯಹೂದಿ. ಹಿಟ್ಲರನ ಹಾವಳಿ ಹೆಚ್ಚಿದಂತೆ ಅವರು ಬರ್ಲಿನ್ ಬಿಟ್ಟು ವಿಯೆನ್ನಾಕ್ಕೂ ಅಲ್ಲಿಂದ ಹೇಗ್ ನಗರಕ್ಕೂ ಹೋದರು. ಆರ್ಚಿಯೂ ಹಿಂದೆಯೇ ಹೋದರು. 1931ರಿಂದ 1934ರವರೆಗೆ ಇದು ನಡೆಯಿತು. ಕಾಯಿಲೆ ವಾಸಿಯಾಗಲಿಲ್ಲ. ಲಾಭವಾಗಿ ದಕ್ಕಿದ್ದು ಮೂರು: ಚೆನ್ನಾದ ಜರ್ಮನ್ ಭಾಷೆ, ನಾಜಿಗಳ ಮೇಲೆ ದ್ವೇಷ, ಪರೀಕ್ಷಿಸಿ ನೋಡದ ಸಿದ್ಧಾಂತಗಳ ಮೇಲೆ ಅಪನಂಬಿಕೆ. ಆ ತೊಂದರೆಯ ಮೂಲ ಪಾರ್ಫಿರಿಯಾ ಎಂಬ ಆನುವಂಶಿಕ ರೋಗವೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆಗ ಅವರು ಬಂಧುಬಳಗದವರನ್ನೆಲ್ಲ ಹುಡುಕಿ, ಮಲಮೂತ್ರದ ಮಾದರಿಗಳನ್ನು ತರಿಸಿಕೊಂಡು, ರೋಗ ವಂಶದಲ್ಲಿ ಹೇಗೆ ಇಳಿದು ಬಂದಿದೆಯೆಂದು ಪತ್ತೆ ಮಾಡಿದರು. ಲೆಕ್ಕದ ಹುಚ್ಚು ನೆಂಟರನ್ನೂ ಬಿಡಲಿಲ್ಲ.

1934ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾರ್ಥಿಯಾದರು. ಓದು ಅರ್ಧಕ್ಕೆ ಬಿಟ್ಟು 1936ರಲ್ಲಿ ಸ್ಪೇನ್ ದೇಶದ ಅಂತರ್ಯುದ್ಧಕ್ಕೆ ಹೋಗಿ, ಗಣರಾಜ್ಯದ ಪಕ್ಷದಲ್ಲಿ ಆಂಬುಲೆನ್ಸ್ ತಂಡದೊಡನೆ ದುಡಿದು, ಮರಳಿ ಬಂದು 1938ರಲ್ಲಿ ಡಾಕ್ಟರಾದರು. ವಿದ್ಯಾರ್ಥಿಯಾಗಿದ್ದಾಗಿನ ಒಂದು ಸಂಗತಿಯನ್ನು ಅವರು ಮುಂದೆ ನೆನೆಯುತ್ತಿದ್ದರು. ಎಲ್ಲರಿಗೂ ಉಚಿತ ವೈದ್ಯಸೌಲಭ್ಯ ಬೇಕೆಂದು ಮೆರವಣಿಗೆ ನಡೆದಿತ್ತು. ಆರ್ಚಿಯೂ ತಮ್ಮದೇ ಒಂದು ಫಲಕ ಬರೆದು ಹಿಡಿದು ಹೊರಟರು. ಗುಣವಿರುವ ಚಿಕಿತ್ಸೆಯೆಲ್ಲ ಉಚಿತವಾಗಬೇಕೆಂಬುದು ಅದರ ಅರ್ಥ. ಉಚಿತ ಎಂಬ ಮಾತು ಎಲ್ಲರಿಗೂ ಹಿಡಿಸಿತು. ಗುಣವಿರುವ ಎಂಬ ಷರತ್ತನ್ನು ಗಮನಿಸಿದವರು ಕಡಿಮೆ. ಅವರ ಮುಂದಿನ ಐವತ್ತು ವರ್ಷ ಕಳೆದದ್ದು ಆ ಷರತ್ತಿನ ಬೆನ್ನು ಹತ್ತಿಯೇ.

ಸಲೋನಿಕದ ಸೆರೆ

ಎರಡನೆಯ ಮಹಾಯುದ್ಧದಲ್ಲಿ ಕಾಕ್ರನ್ ಸೈನ್ಯದ ವೈದ್ಯದಳ ಸೇರಿದರು. 1941ರಲ್ಲಿ ಕ್ರೀಟ್ ದ್ವೀಪ ಜರ್ಮನರ ವಶವಾದಾಗ ಸೆರೆಸಿಕ್ಕರು. ಅವರನ್ನು ಗ್ರೀಸ್ ದೇಶದ ಸಲೋನಿಕದ ಕೈದಿಗಳ ಶಿಬಿರಕ್ಕೆ ಕಳಿಸಿದರು. ಅಲ್ಲಿ ಸುಮಾರು 20,000 ಯುದ್ಧಕೈದಿಗಳು. ಬಹುಕಾಲ ಅವರೆಲ್ಲರಿಗೂ ಇವರೊಬ್ಬರೇ ಡಾಕ್ಟರು. ದಿನಕ್ಕೆ ಸುಮಾರು 600 ಕ್ಯಾಲೊರಿಯ ಊಟ. ಎಲ್ಲರಿಗೂ ಭೇದಿ. ಅದರ ಮೇಲೆ ವಿಷಮಶೀತ ಜ್ವರ, ಗಂಟಲಮಾರಿ, ಕಾಮಾಲೆ. ಆಸ್ಪತ್ರೆಯೆಂದರೆ ಒಂದು ಮುರುಕು ಕಟ್ಟಡ. ಔಷಧಿಯೆಂದರೆ ಒಂದಷ್ಟು ಆಸ್ಪಿರಿನ್, ಹೊಟ್ಟೆಯುರಿಯ ಮಾತ್ರೆ, ಗಾಯಕ್ಕೆ ಹಚ್ಚುವ ಮದ್ದು. ಇನ್ನೂ ಡಾಕ್ಟರುಗಳನ್ನು ಕೊಡಿರೆಂದು ಜರ್ಮನ್ ವೈದ್ಯಾಧಿಕಾರಿಯನ್ನು ಬೇಡಿದಾಗ, ಡಾಕ್ಟರುಗಳ ಅಗತ್ಯವೇನೂ ಇಲ್ಲವೆಂಬ ಉತ್ತರ ಬಂತು.

ಗಂಟಲಮಾರಿಯೊಂದರಿಂದಲೇ ನೂರಾರು ಜನ ಸಾಯುತ್ತಾರೆಂದು ಕಾಕ್ರನ್ ಎದೆಗಟ್ಟಿ ಮಾಡಿಕೊಂಡಿದ್ದರು. ಆದರೆ ಸತ್ತವರು ಕೇವಲ 4 ಮಂದಿ. ಅವರಲ್ಲಿ 3 ಮಂದಿ ಜರ್ಮನರ ಗುಂಡೇಟಿನಿಂದ ಸತ್ತವರು. ಬೇರೆ ಯಾವ ಡಾಕ್ಟರಾದರೂ ಇದು ನನ್ನ ಕೈಗುಣವೆಂದು ಹಿಗ್ಗುತ್ತಿದ್ದರೋ ಏನೋ. ಕಾಕ್ರನ್ ಹಿಗ್ಗಲಿಲ್ಲ. ತಾವು ಮಾಡಿದ್ದು ಏನೂ ಇಲ್ಲವೆಂಬುದು ಅವರಿಗೆ ಗೊತ್ತಿತ್ತು. ಬದುಕಿದವರು ತಮ್ಮ ದೇಹದ ಶಕ್ತಿಯಿಂದ ಬದುಕಿದ್ದರು. ಔಷಧಿಗಳು ಕೈತುಂಬ ಇದ್ದಿದ್ದರೆ ಅವನ್ನೆಲ್ಲ ಕೊಟ್ಟು, ಬದುಕಿಸಿದ ಕೀರ್ತಿಯನ್ನು ಔಷಧಿಗೇ ಕಟ್ಟುತ್ತಿದ್ದೆವಲ್ಲ ಎಂಬ ಯೋಚನೆ ಅವರ ತಲೆಯಲ್ಲಿ ಆಗಲೇ ಬೇರೂರಿತು.

ಅದೇ ಶಿಬಿರದಲ್ಲಿ 300ಕ್ಕೂ ಹೆಚ್ಚು ಕೈದಿಗಳಿಗೆ ಮೊಣಕಾಲಿನ ಮೇಲಿನವರೆಗೂ ಊತ ಬಂದಿತು. ಕಾಕ್ರನ್‌ಗೂ ಊತ. ಇದು ಬೆರಿಬೆರಿ ಇರಬಹುದು, ಯೀಸ್ಟಿನಿಂದ ಗುಣವಾಗಬಹುದು ಎಂದು ಅವರ ಊಹೆ. ಹಿಂದೆ 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ರೋಗಿಗಳನ್ನು ಜೋಡಿಗಳಾಗಿ ವಿಂಗಡಿಸಿ ಪರೀಕ್ಷಿಸಿದ್ದು ನೆನಪಾಯಿತು. ಕಾಳಸಂತೆಯಲ್ಲಿ ಒಂದಿಷ್ಟು ಯೀಸ್ಟ್ ಕೊಂಡರು. ಊತವಿದ್ದ 20 ಮಂದಿಯನ್ನು ಒಬ್ಬರು ಬಿಟ್ಟು ಒಬ್ಬರಂತೆ ಹತ್ತು ಹತ್ತು ಮಂದಿಯ ಎರಡು ಕೋಣೆಗಳಿಗೆ ಹಂಚಿದರು. ಒಂದು ಕೋಣೆಯವರಿಗೆ ಯೀಸ್ಟ್, ಇನ್ನೊಂದು ಕೋಣೆಯವರಿಗೆ ವಿಟಮಿನ್ ಸಿ. ಮೂತ್ರವನ್ನು ಅಳೆಯಲು ಪಾತ್ರೆಗಳಿಲ್ಲದ್ದರಿಂದ ಎಷ್ಟು ಸಲ ಹೋದರೆಂದು ಎಣಿಸಿದರು. ಎರಡು ದಿನ ಏನೂ ಇಲ್ಲ. ನಾಲ್ಕನೆಯ ದಿನ ಯೀಸ್ಟಿನ ಕೋಣೆಯವರು ಸ್ಪಷ್ಟವಾಗಿ ಚೇತರಿಸಿಕೊಂಡಿದ್ದರು. ಆ ಲೆಕ್ಕದ ಹಾಳೆಯನ್ನು ಜರ್ಮನರ ಮುಂದಿಟ್ಟರು. ವೈರಿಗಳು ಕರುಣೆಗೆ ಕರಗದಿದ್ದರೂ ಅಂಕಿಗಳಿಗೆ ತಲೆದೂಗಿದರು. ಶಿಬಿರಕ್ಕೆ ಯೀಸ್ಟ್ ಬಂತು, ಊತ ಇಳಿಯಿತು.

ಮುಂದೆ ಈ ಪ್ರಯೋಗವನ್ನು ಕಾಕ್ರನ್ ತಾವೇ ಗೇಲಿ ಮಾಡಿದರು. ಸಂಖ್ಯೆ ತೀರ ಕಡಿಮೆ, ದಿನ ಕಡಿಮೆ, ಅಳತೆ ಸರಿಯಿಲ್ಲ, ಬೆರಿಬೆರಿ ಎಂಬ ಊಹೆಯೂ ಸಂದೇಹಾಸ್ಪದ ಎಂದು ತಮ್ಮ ತಪ್ಪುಗಳನ್ನು ತಾವೇ ಪಟ್ಟಿ ಮಾಡಿದರು. ತಮ್ಮ ಗೆಲುವನ್ನೇ ಹೀಗೆ ಅನುಮಾನದಿಂದ ನೋಡುವ ಗುಣ ನಮ್ಮ ವೃತ್ತಿಯಲ್ಲಿ ಬಹಳ ವಿರಳ.

ಒಬ್ಬ ರಷ್ಯನ್ ಸೈನಿಕ

ಸಲೋನಿಕದಿಂದ ಅವರನ್ನು ಜರ್ಮನಿಯ ಶಿಬಿರಗಳಿಗೆ ಸಾಗಿಸಿದರು. ಎಲ್‌ಸ್ಟರ್‌ಹಾರ್ಸ್ಟ್ ಎಂಬಲ್ಲಿ ಕ್ಷಯ ಹಿಡಿದ ಹಲವು ದೇಶಗಳ ಕೈದಿಗಳನ್ನು ನೋಡಿಕೊಳ್ಳುವ ಕೆಲಸ. ಆ ಕಾಲದಲ್ಲಿ ಕ್ಷಯಕ್ಕೆ ಮದ್ದಿರಲಿಲ್ಲ. ಹಾಸಿಗೆಯಲ್ಲಿ ಮಲಗಿಸುವುದು, ಎದೆಗೂಡಿಗೆ ಗಾಳಿ ತುಂಬಿ ಶ್ವಾಸಕೋಶವನ್ನು ಕುಗ್ಗಿಸುವುದು, ಇನ್ನೂ ಮುಂದೆ ಹೋದರೆ ಪಕ್ಕೆಲುಬುಗಳನ್ನು ಕತ್ತರಿಸುವುದು, ಇವೇ ಚಿಕಿತ್ಸೆಗಳು. ಯಾರಿಗೆ ಯಾವುದನ್ನು ಮಾಡಬೇಕು, ಮಾಡಿದರೆ ಬದುಕುತ್ತಾರೋ ಬೇಗ ಸಾಯುತ್ತಾರೋ ಎಂಬುದಕ್ಕೆ ಯಾವ ಪುಸ್ತಕದಲ್ಲಿಯೂ ಆಧಾರವಿರಲಿಲ್ಲ. ಡಾಕ್ಟರಿಗೆ ತನಗೆ ತೋಚಿದ ಚಿಕಿತ್ಸೆ ಮಾಡುವ ಸ್ವಾತಂತ್ರ್ಯವಿರಬೇಕೆಂದು ಸಾರುವ ಒಂದು ಕರಪತ್ರ ಅವರ ಕೈಗೆ ಬಂತಂತೆ. ಸೆರೆಮನೆಯೊಳಗಿದ್ದೂ ಕಾಕ್ರನ್‌ಗೆ ಆ ಸ್ವಾತಂತ್ರ್ಯ ಬೇಕಾದಷ್ಟಿತ್ತು. ಇಲ್ಲದಿದ್ದದ್ದು ತಿಳಿವಳಿಕೆ. ತಮ್ಮ ಕೈಯಿಂದಲೇ ಕೆಲವರ ಆಯುಸ್ಸು ಕಡಿಮೆಯಾಗಿರಬಹುದೆಂಬ ಕೊರಗು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಒಂದು ರಾತ್ರಿ ಜರ್ಮನರು ಸಾಯುವ ಸ್ಥಿತಿಯಲ್ಲಿದ್ದ ಯುವ ಸೋವಿಯತ್ ಸೈನಿಕನೊಬ್ಬನನ್ನು ತಂದು ಹಾಕಿದರು. ಅವನು ಒಂದೇ ಸಮನೆ ಚೀರುತ್ತಿದ್ದ. ವಾರ್ಡಿನವರೆಲ್ಲ ಎದ್ದಾರೆಂದು ಕಾಕ್ರನ್ ಅವನನ್ನು ತಮ್ಮ ಕೋಣೆಗೇ ಕರೆತಂದರು. ಎರಡು ಶ್ವಾಸಕೋಶಗಳೂ ತೂತು ಬಿದ್ದಿದ್ದವು. ನೋವು ಪುಪ್ಪುಸದ ಹೊದಿಕೆಯ ಉರಿಯಿಂದ ಬಂದದ್ದೆಂದು ಊಹಿಸಿದರು. ಮಾರ್ಫಿನ್ ಇರಲಿಲ್ಲ, ಆಸ್ಪಿರಿನ್ ಕೊಟ್ಟರೆ ನಾಟಲಿಲ್ಲ. ಇವರಿಗೆ ರಷ್ಯನ್ ಬಾರದು. ಕೊನೆಗೆ ಏನೂ ತೋಚದೆ ಹಾಸಿಗೆಯ ಮೇಲೆ ಕುಳಿತು ಅವನನ್ನು ತೋಳಿನಲ್ಲಿ ತಬ್ಬಿ ಹಿಡಿದರು. ಚೀರಾಟ ಕೂಡಲೇ ನಿಂತಿತು. ಕೆಲವು ಗಂಟೆಗಳ ನಂತರ ಅವನು ಶಾಂತವಾಗಿ ಪ್ರಾಣ ಬಿಟ್ಟ. ಅವನನ್ನು ಚೀರಿಸಿದ್ದು ಎದೆಯ ನೋವಲ್ಲ, ಒಂಟಿತನ ಎಂದು ಕಾಕ್ರನ್‌ಗೆ ಅರ್ಥವಾಯಿತು. ತಮ್ಮ ರೋಗನಿರ್ಣಯ ತಪ್ಪಿದ್ದಕ್ಕೆ ನಾಚಿ ಈ ಸಂಗತಿಯನ್ನು ಬಹುಕಾಲ ಯಾರಿಗೂ ಹೇಳಿರಲಿಲ್ಲ.

ಚೀಟಿ ಎತ್ತುವ ವಿದ್ಯೆ

1945ರಲ್ಲಿ ಬಿಡುಗಡೆಯಾದ ಮೇಲೆ ಕಾಕ್ರನ್ ಲಂಡನ್ನಿನಲ್ಲಿ ಸಾರ್ವಜನಿಕ ಆರೋಗ್ಯದ ಶಿಕ್ಷಣಕ್ಕೆ ಸೇರಿದರು. ಗುರುಗಳು ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಹೊಸ ಔಷಧಿಯ ಗುಣವನ್ನು ತಿಳಿಯಲು ಹಿಲ್ ಅವರು ಒಂದು ಸರಳ ಉಪಾಯವನ್ನು ಬಳಕೆಗೆ ತಂದಿದ್ದರು. ರೋಗಿಗಳನ್ನು ಎರಡು ಗುಂಪು ಮಾಡಬೇಕು. ಯಾರು ಯಾವ ಗುಂಪಿಗೆ ಎಂಬುದನ್ನು ಡಾಕ್ಟರು ಆರಿಸಬಾರದು, ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡಬೇಕು. ಒಂದು ಗುಂಪಿಗೆ ಹೊಸ ಔಷಧಿ, ಇನ್ನೊಂದಕ್ಕೆ ಹಳೆಯ ಕ್ರಮ. ಡಾಕ್ಟರೇ ಆರಿಸಿದರೆ ಗಟ್ಟಿಮುಟ್ಟಾದವರಿಗೆ ಹೊಸ ಔಷಧಿ ಕೊಟ್ಟು, ಅವರು ಬದುಕಿದ್ದನ್ನು ಔಷಧಿಯ ಗುಣವೆಂದು ತಿಳಿಯುವ ಅಪಾಯವಿದೆ. ಚೀಟಿ ಎತ್ತಿದರೆ ಆ ಮೋಸಕ್ಕೆ ಎಡೆಯಿಲ್ಲ.

1948ರಲ್ಲಿ ಬ್ರಿಟನ್ನಿನ ವೈದ್ಯ ಸಂಶೋಧನಾ ಮಂಡಲಿ ಸ್ಟ್ರೆಪ್ಟೊಮೈಸಿನ್ನಿನ ಪರೀಕ್ಷೆಯನ್ನು ಪ್ರಕಟಿಸಿತು. ಕ್ಷಯದ 107 ರೋಗಿಗಳು. ಆರು ತಿಂಗಳಲ್ಲಿ ಔಷಧಿ ಪಡೆದ 55 ಮಂದಿಯಲ್ಲಿ 4 ಸಾವು, ಬರಿ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14 ಸಾವು. ಎಲ್‌ಸ್ಟರ್‌ಹಾರ್ಸ್ಟ್‌ನಲ್ಲಿ ಕತ್ತಲೆಯಲ್ಲಿ ತಡಕಾಡಿದ್ದ ಕಾಕ್ರನ್‌ಗೆ ಇದು ಬೆಳಕು ಕಂಡಂತಾಯಿತು.

ಅಷ್ಟರಲ್ಲಿ ಅವರು ನಾವೀಗ ನೆಲೆಸಿರುವ ಈ ಅಮೆರಿಕಕ್ಕೂ ಬಂದು, 1947-48ರಲ್ಲಿ ಫಿಲಡೆಲ್ಫಿಯಾದ ಹೆನ್ರಿ ಫಿಪ್ಸ್ ಸಂಸ್ಥೆಯಲ್ಲಿ ಎಕ್ಸ್‌ರೇ ಓದುವುದನ್ನು ಅಭ್ಯಾಸ ಮಾಡಿದರು. ಒಂದೇ ಎಕ್ಸ್‌ರೇಯನ್ನು ಇಬ್ಬರು ತಜ್ಞರು ಎರಡು ರೀತಿ ಓದುತ್ತಾರೆ, ಒಬ್ಬನೇ ತಜ್ಞ ಬೇರೆ ಬೇರೆ ದಿನ ಬೇರೆ ರೀತಿ ಓದುತ್ತಾನೆ ಎಂಬ ಸತ್ಯ ಅವರಿಗೆ ಅಲ್ಲಿ ಮನದಟ್ಟಾಯಿತು.

ಅನಂತರ ಅವರ ಕರ್ಮಭೂಮಿ ವೇಲ್ಸ್. ಕಲ್ಲಿದ್ದಲ ಗಣಿಯ ಧೂಳಿನಿಂದ ಶ್ವಾಸಕೋಶ ಕೆಟ್ಟ ಕಾರ್ಮಿಕರ ನಡುವೆ 1948ರಿಂದ ಕೆಲಸ. ರಾಂಡಾ ಫಾಕ್ ಕಣಿವೆಯಲ್ಲಿ ಮನೆಮನೆಗೂ ಹೋಗಿ, ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯನ್ನು ಎಕ್ಸ್‌ರೇ ಯಂತ್ರದ ಮುಂದೆ ನಿಲ್ಲಿಸಿದರು. ಬಾರದವರ ಮನೆಗೆ ಮತ್ತೆ ಮತ್ತೆ ಹೋದರು. ಬಂದವರನ್ನಷ್ಟೇ ನೋಡಿ ತೀರ್ಮಾನಿಸಿದರೆ ಬಾರದವರ ಕಥೆ ತಪ್ಪಿಹೋಗುತ್ತದೆಂಬುದು ಅವರ ವಾದ. 1960ರಲ್ಲಿ ಕಾರ್ಡಿಫ್‌ನಲ್ಲಿ ಪ್ರಾಧ್ಯಾಪಕರೂ ಮಂಡಲಿಯ ಸಂಶೋಧನಾ ಘಟಕದ ನಿರ್ದೇಶಕರೂ ಆದರು.

ಮದ್ರಾಸು ಮತ್ತು ಬೆಂಗಳೂರು

ಅದೇ ಕಾಲದಲ್ಲಿ, ಅದೇ ಮಂಡಲಿಯ ನೆರವಿನಿಂದ, ಇದೇ ಚೀಟಿ ಎತ್ತುವ ವಿದ್ಯೆ ನಮ್ಮ ನೆರೆಯ ಮದ್ರಾಸಿನಲ್ಲಿ ದೊಡ್ಡ ಕೆಲಸವೊಂದನ್ನು ಮಾಡಿತು. ಇದರಲ್ಲಿ ಕಾಕ್ರನ್ ಅವರ ಪಾತ್ರವಿರಲಿಲ್ಲ. ಆದರೂ ಅವರ ತತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಗದು.

ಮನೆಯಲ್ಲಿ ಒಬ್ಬರಿಗೆ ಕ್ಷಯವೆಂದರೆ ನಮ್ಮ ಹಿರಿಯರ ಕಾಲದಲ್ಲಿ ಸಂಸಾರವೇ ಕುಸಿದಂತೆ. ಉಳ್ಳವರು ಸ್ಯಾನಟೋರಿಯಂ ಸೇರಬೇಕು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ 1921ರಲ್ಲಿ ಪ್ರಾರಂಭವಾದ ಸ್ಯಾನಟೋರಿಯಂ ಅನ್ನು ಹಿರಿಯ ಓದುಗರು ಬಲ್ಲರು. ತಿಂಗಳುಗಟ್ಟಲೆ ವಿಶ್ರಾಂತಿ, ಹಾಲು ಮೊಟ್ಟೆ, ಶುದ್ಧ ಗಾಳಿ ಇಲ್ಲದೆ ಗುಣವಿಲ್ಲವೆಂಬುದು ಎಲ್ಲರ ನಂಬಿಕೆ. ಲಕ್ಷಗಟ್ಟಲೆ ರೋಗಿಗಳಿಗೆ ಅಷ್ಟು ಮಂಚಗಳನ್ನು ಎಲ್ಲಿಂದ ತರುವುದು?

1956ರಲ್ಲಿ ಮದ್ರಾಸಿನ ಬಡ ರೋಗಿಗಳು 193 ಮಂದಿಯನ್ನು ಎರಡು ಗುಂಪು ಮಾಡಿದರು. ಇಬ್ಬರಿಗೂ ಅದೇ ಮಾತ್ರೆಗಳು, ಒಂದು ವರ್ಷ. ಒಂದು ಗುಂಪು ಸ್ಯಾನಟೋರಿಯಂನ ಮಂಚದ ಮೇಲೆ. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಿನ ಗುಡಿಸಲುಗಳಲ್ಲಿ, ಇದ್ದ ಗಂಜಿ ಕುಡಿದುಕೊಂಡು. 1959ರಲ್ಲಿ ಫಲಿತಾಂಶ ಬಂತು: ಎರಡರ ನಡುವೆ ಹೆಚ್ಚಿನ ವ್ಯತ್ಯಾಸವೇ ಇಲ್ಲ. ಮನೆಯಲ್ಲಿದ್ದವರಿಂದ ಮನೆಮಂದಿಗೆ ರೋಗ ಹೆಚ್ಚು ಹರಡಲೂ ಇಲ್ಲ. ಮಾತ್ರೆಯಲ್ಲಿ ಗುಣವಿತ್ತು, ಮಂಚದಲ್ಲಿ ಇರಲಿಲ್ಲ. ಅದೇ ವರ್ಷ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಮಾತ್ರೆಗಳನ್ನು ರೋಗಿಯ ಊರಿಗೇ ಮುಟ್ಟಿಸುವ ಕಾರ್ಯಕ್ರಮವನ್ನು ರೂಪಿಸಿತು. 1962ರಿಂದ ಅದು ದೇಶದ ಕಾರ್ಯಕ್ರಮವಾಯಿತು. ವ್ಯತ್ಯಾಸವಿಲ್ಲ ಎಂಬ ಒಂದು ಒಣ ಉತ್ತರ ಎಷ್ಟು ಬಡವರ ಹೊಲ ಮನೆ ಉಳಿಸಿತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

1972ರ ಪುಸ್ತಕ

ಕಾಕ್ರನ್ ತಮ್ಮ ಅನುಭವವನ್ನೆಲ್ಲ 1972ರಲ್ಲಿ ಒಂದು ಚಿಕ್ಕ ಪುಸ್ತಕವಾಗಿ ಬರೆದರು. ಚಿಕಿತ್ಸೆಯ ಗುಣ ಮತ್ತು ಹಣದ ಸದ್ಬಳಕೆ ಅದರ ವಿಷಯ. ಚೀಟಿ ಎತ್ತಿ ಪರೀಕ್ಷಿಸಿದರೆ ನಮ್ಮ ಚಿಕಿತ್ಸೆಗಳಲ್ಲಿ ಎಷ್ಟೋ ಜೊಳ್ಳಾಗಿ ಹಾರಿಹೋಗುತ್ತವೆ. ಉಳಿದ ಗಟ್ಟಿ ಕಾಳನ್ನು ಬಡವ ಬಲ್ಲಿದರಿಗೆಲ್ಲ ಹಂಚಲು ಹಣ ಸಾಕಾಗುತ್ತದೆ. ಇದು ಅದರ ಸಾರ. ಮಕ್ಕಳ ಮಧುಮೇಹಕ್ಕೆ ಇನ್ಸುಲಿನ್‌ನಂಥವಕ್ಕೆ ಪರೀಕ್ಷೆಯೇ ಬೇಡ, ಅವುಗಳ ಗುಣ ಕಣ್ಣಿಗೆ ಕಾಣುತ್ತದೆಂದು ಅವರೂ ಒಪ್ಪಿದ್ದರು. ಅನುಮಾನವಿದ್ದದ್ದು ಕಣ್ಣಿಗೆ ಕಾಣದವುಗಳ ಬಗ್ಗೆ. ಅರೆತಲೆನೋವಿಗೆ ಕೊಡುತ್ತಿದ್ದ ಎರ್ಗೊಟಮಿನ್ ಮಾತ್ರೆಯನ್ನು ಅವರ ಘಟಕದವರೇ ಪರೀಕ್ಷಿಸಿದಾಗ, 1970ರಲ್ಲಿ, ಸುಳ್ಳು ಮಾತ್ರೆಗಿಂತ ಅದು ಮೇಲಾಗಿ ಕಾಣಲಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳು ಮಧುಮೇಹದ ಟಾಲ್ಬುಟಮೈಡ್ ಮಾತ್ರೆಯನ್ನು ಪರೀಕ್ಷಿಸಿದಾಗ, ಅದೇ ವರ್ಷ, ಪಥ್ಯಕ್ಕಿಂತ ಹೆಚ್ಚಿನ ಪ್ರಯೋಜನ ಕಾಣದೆ, ಹೃದಯದ ಸಾವುಗಳು ಹೆಚ್ಚಿದಂತೆ ಕಂಡು ದೊಡ್ಡ ಗಲಾಟೆಯೇ ಆಯಿತು.

ಅವರ ಅನುಮಾನಗಳೆಲ್ಲ ನಿಜವಾದವು ಎಂದಲ್ಲ. ಗರ್ಭಕೋಶದ ಕಂಠದ ಕ್ಯಾನ್ಸರಿಗೆ ಮಾಡುವ ಸ್ಮಿಯರ್ ಪರೀಕ್ಷೆಯ ಬಗ್ಗೆಯೂ ಅವರು ಆಧಾರ ಕೇಳಿ ಜನರ ಕೋಪಕ್ಕೆ ಗುರಿಯಾದರು. ಕ್ರಮವಾಗಿ ನಡೆಸಿದ ದೇಶಗಳಲ್ಲಿ ಅದರಿಂದ ಸಾವುಗಳು ಕಡಿಮೆಯಾದದ್ದು ಅನಂತರ ಸ್ಪಷ್ಟವಾಯಿತು. ನಮ್ಮ ಸಹೋದರಿಯರು ಆ ಪರೀಕ್ಷೆಯನ್ನು ತಪ್ಪಿಸಬಾರದು.

ಹೃದಯಾಘಾತದ ವಾರ್ಡುಗಳ ಪ್ರಸಂಗವಂತೂ ವೈದ್ಯರ ನಡುವೆ ದಂತಕಥೆಯಾಗಿದೆ. ಆಗ ಹೃದಯಾಘಾತಕ್ಕೆ ಇಂದಿನ ಚಿಕಿತ್ಸೆಗಳಿರಲಿಲ್ಲ. ಹೊಸ ಯಂತ್ರಗಳ ವಿಶೇಷ ವಾರ್ಡುಗಳು ಮಾತ್ರ ಎದ್ದಿದ್ದವು. ಮನೆಯಲ್ಲೇ ಆರೈಕೆ ಮಾಡಿದರೆ ಹೇಗೆಂದು ನೈಋತ್ಯ ಇಂಗ್ಲೆಂಡಿನಲ್ಲಿ ಪರೀಕ್ಷೆ ನಡೆಯಿತು. ಆರು ತಿಂಗಳ ಲೆಕ್ಕ ನೋಡಲು ಸಮಿತಿ ಸೇರಿದಾಗ ಕಾಕ್ರನ್ ಬೇಕೆಂದೇ ಅಂಕಿಗಳನ್ನು ಅದಲುಬದಲು ಮಾಡಿ, ಮನೆಯಲ್ಲಿದ್ದವರಲ್ಲಿ ಸಾವು ಸ್ವಲ್ಪ ಹೆಚ್ಚೆಂದು ತೋರಿಸಿದರು. ಹೃದಯತಜ್ಞರು ರೇಗಿ, ಈ ಅನ್ಯಾಯದ ಪರೀಕ್ಷೆಯನ್ನು ಕೂಡಲೇ ನಿಲ್ಲಿಸಬೇಕೆಂದರು. ಆಗ ಕಾಕ್ರನ್ ನಿಜವಾದ ಅಂಕಿಗಳನ್ನು ತೆಗೆದರು. ಅಲ್ಪ ವ್ಯತ್ಯಾಸ ಮನೆಯ ಕಡೆಗೇ ಇತ್ತು. ಹಾಗಾದರೆ ವಿಶೇಷ ವಾರ್ಡುಗಳನ್ನು ಮುಚ್ಚೋಣವೇ ಎಂದು ಕೇಳಿದರು. ಸಭೆ ಮೌನವಾಯಿತು. 1971ರಲ್ಲಿ ಪ್ರಕಟವಾದ ಫಲಿತಾಂಶದಲ್ಲೂ ಆಸ್ಪತ್ರೆಯ ಹೆಚ್ಚುಗಾರಿಕೆ ಕಾಣಲಿಲ್ಲ. ಇದು ಆ ಕಾಲದ ಮಾತು. ಇಂದು ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಲೇಬೇಕು. ಮುಚ್ಚಿದ ರಕ್ತನಾಳವನ್ನು ತೆರೆಯುವ ಚಿಕಿತ್ಸೆ ಜೀವ ಉಳಿಸುತ್ತದೆಂಬುದು ಇದೇ ಬಗೆಯ ಪರೀಕ್ಷೆಗಳಿಂದ ಸಿದ್ಧವಾಗಿದೆ.

ವೈದ್ಯದ ಆಚೆಗೂ

ಶಾಲೆ, ಸೆರೆಮನೆ, ಸಮಾಜಸೇವೆಗಳಿಗೂ ಈ ಒರೆಗಲ್ಲು ಬೇಕೆಂದು ಕಾಕ್ರನ್ ಬಯಸಿದ್ದರು. ಅಂಥ ಪರೀಕ್ಷೆಗಳು ಅಲ್ಲಲ್ಲಿ ನಡೆದಿವೆ. ಮ್ಯಾಸಚುಸೆಟ್ಸ್‌ನಲ್ಲಿ 1939ರಲ್ಲಿ 506 ಹುಡುಗರನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಬ್ಬನಿಗೆ ವರ್ಷಗಟ್ಟಲೆ ಬುದ್ಧಿಮಾತು, ಪಾಠ, ಬೇಸಿಗೆ ಶಿಬಿರ ಎಲ್ಲ ಒದಗಿಸಿದರು. ಮೂವತ್ತು ವರ್ಷಗಳ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಹುಡುಕಿ ನೋಡಿದರೆ, ಅಪರಾಧ ಕಡಿಮೆಯಾಗಿರಲಿಲ್ಲ. ನೆರವು ಪಡೆದವರೇ ಕೆಲವು ವಿಷಯಗಳಲ್ಲಿ ಹಿಂದೆ ಬಿದ್ದಿದ್ದರು. ಆದರೆ ನಮಗೆ ಉಪಕಾರವಾಯಿತೆಂದು ಅವರಲ್ಲಿ ಬಹುಮಂದಿ ಹೇಳಿದ್ದರು. ಹೈದರಾಬಾದಿನ ಬಡಾವಣೆಗಳಲ್ಲಿ ಸಣ್ಣ ಸಾಲದ ಯೋಜನೆಯನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೋ ಮೊದಲಾದವರು ಹೀಗೆಯೇ ಪರೀಕ್ಷಿಸಿದಾಗ, ಬದುಕನ್ನು ಬದಲಿಸುವಂಥ ವ್ಯತ್ಯಾಸ ಕಾಣಲಿಲ್ಲವೆಂದು 2015ರಲ್ಲಿ ವರದಿಯಾಯಿತು. ಒಳ್ಳೆಯ ಉದ್ದೇಶ ಬೇರೆ, ಒಳ್ಳೆಯ ಫಲ ಬೇರೆ.

ಕೊನೆಯ ದಿನಗಳು

ಕಾಕ್ರನ್ ಮದುವೆಯಾಗಲಿಲ್ಲ. ರೂಸ್ ಎಂಬ ಹಳ್ಳಿಯ ತೋಟದ ಮನೆಯಲ್ಲಿ ಗಿಡ, ಕಲಾಕೃತಿಗಳು, ಗೆಳೆಯರ ನಡುವೆ ಬಾಳಿದರು. ಸಿಗರೇಟು ಮಾತ್ರ ಬಿಡದಾದರು. ಧೂಮಪಾನದ ಕೇಡನ್ನು ತೋರಿಸಿದ ಹಿಲ್ ಅವರ ಶಿಷ್ಯರೇ ಆಗಿದ್ದರೂ. 1979ರಲ್ಲಿ ಅವರು ವೈದ್ಯರನ್ನು ಮತ್ತೊಮ್ಮೆ ತರಾಟೆಗೆ ತೆಗೆದುಕೊಂಡರು: ಇಷ್ಟೊಂದು ಪರೀಕ್ಷೆಗಳು ನಡೆದಿದ್ದರೂ ಒಂದೊಂದು ವಿಭಾಗದ ಫಲಿತಾಂಶಗಳನ್ನೂ ಒಟ್ಟುಗೂಡಿಸಿ, ಕಾಲಕಾಲಕ್ಕೆ ತಿದ್ದಿ ಇಡುವ ವ್ಯವಸ್ಥೆಯಿಲ್ಲವಲ್ಲ ಎಂದು. ಎಲ್ಲರಿಗಿಂತ ಹಿಂದುಳಿದವರು ಹೆರಿಗೆಯ ಡಾಕ್ಟರುಗಳೆಂದು ಚುಚ್ಚಿದರು. ಆ ಚುಚ್ಚು ಫಲ ಕೊಟ್ಟಿತು. ಆಕ್ಸ್‌ಫರ್ಡಿನಲ್ಲಿ ಇಯಾನ್ ಚಾಮರ್ಸ್ ಮತ್ತು ಸಂಗಡಿಗರು ಹೆರಿಗೆ, ಬಾಣಂತನದ ಪರೀಕ್ಷೆಗಳನ್ನೆಲ್ಲ ಕಲೆಹಾಕಿದರು. ಅದನ್ನು ಕಂಡು ಕಾಕ್ರನ್ ತಮ್ಮ ನಿಂದೆಯನ್ನು ಹಿಂದಕ್ಕೆ ಪಡೆದು ಮುನ್ನುಡಿ ಬರೆದುಕೊಟ್ಟರು. 1988ರ ಜೂನ್ 18ರಂದು, 79ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ ನಿಧನವಾರ್ತೆಯನ್ನೂ ತಾವೇ ಬರೆದಿಟ್ಟಿದ್ದರು. ಅದರಲ್ಲೂ ಹೊಗಳಿಕೆಗಿಂತ ಕೊರತೆಗಳ ಲೆಕ್ಕವೇ ಹೆಚ್ಚು.

1992ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವರ ಹೆಸರಿನ ಕೇಂದ್ರವೂ, 1993ರಲ್ಲಿ ಅಂತರರಾಷ್ಟ್ರೀಯ ಕಾಕ್ರನ್ ಸಹಯೋಗವೂ ಆರಂಭವಾದವು. ನಮ್ಮ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿಯೂ ಅದರ ಕೇಂದ್ರ ತೆರೆಯಿತು. ಸಂಸ್ಥೆಯ ಲಾಂಛನದಲ್ಲಿರುವ ಏಳು ಅಡ್ಡಗೆರೆಗಳು ಏಳು ಪರೀಕ್ಷೆಗಳು. ದಿನ ತುಂಬದೆ ಹೆರುವ ಬಸುರಿಗೆ ಅಗ್ಗದ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೂಸು ಉಳಿಯುತ್ತದೆಂದು 1972ರಲ್ಲೇ ನ್ಯೂಜಿಲೆಂಡಿನಲ್ಲಿ ಗೊತ್ತಾಗಿತ್ತು. ಬಿಡಿಬಿಡಿ ಫಲಿತಾಂಶಗಳನ್ನು ಕೂಡಿಸಿ ನೋಡುವವರಿಲ್ಲದೆ ಬಹಳ ವರ್ಷ ಅದು ಸರಿಯಾಗಿ ಬಳಕೆಗೆ ಬರಲಿಲ್ಲ. ಆ ಅವಧಿಯಲ್ಲಿ ಎಷ್ಟೋ ಕೂಸುಗಳು ತೀರಿಹೋದವು. ಜೊಳ್ಳನ್ನು ತೂರದಿದ್ದರೆ ಕಾಳೂ ಕಾಣದಾಗುತ್ತದೆ.

ನಮಗೇನು?

ಮಂಡಿ ಸವೆದ ನೋವಿಗೆ ಕೀಲಿನೊಳಗೆ ಕೊಳವೆ ಹಾಕಿ ತೊಳೆಯುವ ಶಸ್ತ್ರಚಿಕಿತ್ಸೆಯನ್ನು ಹ್ಯೂಸ್ಟನ್ನಿನಲ್ಲಿ 180 ಮಂದಿಯ ಮೇಲೆ ಪರೀಕ್ಷಿಸಿದಾಗ, ಚರ್ಮವನ್ನಷ್ಟೇ ಕೊಯ್ದು ಹೊಲಿದವರಿಗೂ ಅಷ್ಟೇ ಗುಣವಾಗಿತ್ತು. ಇದು 2002ರ ಮಾತು. ಹೃದಯಾಘಾತವಿಲ್ಲದೆ, ನಡೆದಾಗ ಮಾತ್ರ ಎದೆ ಹಿಡಿಯುವ ಸ್ಥಿರವಾದ ಕಾಯಿಲೆಯಲ್ಲಿ, ಒಳ್ಳೆಯ ಔಷಧಿಗಳ ಜೊತೆಗೆ ಸ್ಟೆಂಟನ್ನೂ ಹಾಕಿದ್ದರಿಂದ ಸಾವು ಕಡಿಮೆಯಾಗಲಿಲ್ಲವೆಂದು 2007ರಲ್ಲಿ, 2,287 ರೋಗಿಗಳ ಪರೀಕ್ಷೆ ತಿಳಿಸಿತು. ಇವೆರಡೂ ನಮ್ಮ ತಂದೆತಾಯಿಯರ ವಯಸ್ಸಿನವರ ಕಾಯಿಲೆಗಳು. ಊರಿನಿಂದ ಫೋನು ಬರುತ್ತದೆ; ಡಾಕ್ಟರು ಹೀಗೆ ಮಾಡಿಸಿ ಎನ್ನುತ್ತಿದ್ದಾರೆ ಎನ್ನುತ್ತಾರೆ ಅಪ್ಪ. ಹಣಕ್ಕೆ ಹಿಂದೆಮುಂದೆ ನೋಡಬೇಡಿ, ಮಾಡಿಸಿಬಿಡಿ ಎನ್ನುತ್ತೇವೆ ನಾವು. ಆಗ ಕೇಳಬೇಕಾದ ಪ್ರಶ್ನೆಗಳು ಮೂರೇ. ಇದರಿಂದ ಆಯುಸ್ಸು ಹೆಚ್ಚುವುದೇ, ನೋವು ಕಡಿಮೆಯಾಗುವುದೇ, ಎಷ್ಟು? ಮಾಡಿಸದಿದ್ದರೆ ಏನಾಗುತ್ತದೆ? ಚೀಟಿ ಎತ್ತಿದ ಪರೀಕ್ಷೆಯಲ್ಲಿ ಇದು ಗೆದ್ದಿದೆಯೇ? ಒಳ್ಳೆಯ ಡಾಕ್ಟರು ಈ ಪ್ರಶ್ನೆಗಳಿಗೆ ಕೋಪಿಸಿಕೊಳ್ಳುವುದಿಲ್ಲ. ಇದನ್ನು ಓದಿ ಯಾರೂ ನಡೆಯುತ್ತಿರುವ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಕೇಳಿ ತಿಳಿಯಬೇಕು, ಅಷ್ಟೇ.

ದೂರದಲ್ಲಿರುವ ನಮಗೆ ಇನ್ನೊಂದು ಮಾತು. ಹತ್ತಿರ ಇಲ್ಲವೆಂಬ ಸಂಕಟವನ್ನು ನಾವು ಎಷ್ಟೋ ಸಲ ಡಾಲರುಗಳಲ್ಲಿ ತೀರಿಸಲು ಹೊರಡುತ್ತೇವೆ: ಇನ್ನೊಂದು ಸ್ಕ್ಯಾನು, ಇನ್ನೊಬ್ಬ ಸ್ಪೆಷಲಿಸ್ಟು, ಇನ್ನೊಂದು ವಾರ ಐ.ಸಿ.ಯು. ಅವುಗಳಲ್ಲಿ ಕೆಲವು ಬೇಕಾದವು, ಕೆಲವು ವ್ಯತ್ಯಾಸ ಮಾಡದವು. ವ್ಯತ್ಯಾಸ ಮಾಡದವಕ್ಕೆ ಕಳಿಸುವ ಹಣದಲ್ಲಿ ಒಂದು ವಿಮಾನದ ಟಿಕೆಟ್ ಬರುತ್ತದೆ. ಎಲ್ಲ ಚಿಕಿತ್ಸೆಗೂ ಲೆಕ್ಕ ಕೇಳಿದ ಕಾಕ್ರನ್, ಆ ರಷ್ಯನ್ ಹುಡುಗನನ್ನು ತಬ್ಬಿ ಹಿಡಿದದ್ದಕ್ಕೆ ಮಾತ್ರ ಲೆಕ್ಕ ಕೇಳಲಿಲ್ಲ.